ನಾನೂರ ಅರವತ್ತಮೂರು ಬತ್ತಿ

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ರವೆ ಜರಡಿ ಹಿಡಿಯುತ್ತಿದ್ದೆ. ತಂದು ಎಂಟು ದಿನವಾಗಿರಲಿಲ್ಲ, ಆಗಲೇ ಹುಳ ಕಂಡಿದ್ದವು. ಅಂಗಡಿಯವನು ಹಳೆಯ ರವೆಗೆ ಹೊಸದನ್ನು ಬೆರೆಸಿ ಕೊಟ್ಟಿದ್ದಾನೆ ಎಂದು ಮನಸ್ಸಿನಲ್ಲೇ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೆ. ಅಷ್ಟರಲ್ಲಿ ಫೋನು ಬಂತು. ಹರಿಹರದ ಭಜನಾ ಮಂಡಳಿಯ ಹಿರಿಯಮ್ಮನವರು.

"ಅಮ್ಮಾರೆ, ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮ್ಮ ಎರಡೂ ಮನೆ ಬತ್ತಿ ಎಣಿಸಿ ಮುಗಿಸಿದ್ವಿ. ಲಕ್ಷ ಆಗಿಲ್ಲ."

"ಎಷ್ಟೈತ್ರಿ ಹಂಗಾದ್ರೆ?"

"ತೊಂಬತ್ತೊಂಬತ್ತು ಸಾವಿರದ ಐನೂರ ನಲವತ್ತೈದು. ಎರಡು ಸಲ ಎಣಿಸಿದ್ವಿ, ಎರಡು ಸಲಾನೂ ಅಷ್ಟೇ ಬಂತು."

ಜರಡಿ ಕೈಯಲ್ಲೇ ಉಳಿಯಿತು. ನನ್ನ ಬಾಯಿಗೆ ಮೊದಲು ಬರಬೇಕಾದದ್ದು ಶಿವನ ಹೆಸರು. ಬಂದದ್ದು ನನ್ನ ವಾರಗಿತ್ತಿಯ ಹೆಸರು.

ಈ ಬತ್ತಿಯ ಹರಕೆ ಹುಟ್ಟಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ. ನಮ್ಮ ಅತ್ತೆ ತೀರಿಕೊಂಡ ಹನ್ನೊಂದನೆಯ ದಿನ ಊಟ ಬಡಿಸುವಾಗ ನನಗೂ ವಾರಗಿತ್ತಿಗೂ ಒಂದು ಮಾತು ಬಂದು, ದಾವಣಗೆರೆಯ ನಮ್ಮ ಮನೆಗೂ ಹರಿಹರದ ಅವರ ಮನೆಗೂ ಮೂರು ವರ್ಷ ಹೋಗಿಬರುವುದೇ ನಿಂತಿತ್ತು. ಹೀಗಿರುವಾಗ ಒಂದು ದಿನ ಆನಗೋಡಿನ ಹತ್ತಿರ ಲಾರಿಯೊಂದು ಬೈಕಿಗೆ ತಾಗಿತು. ಬೈಕಿನ ಮೇಲಿದ್ದವರು ನನ್ನ ಗಂಡ, ಹಿಂದೆ ಕೂತವನು ಮೈದುನ. ಅಣ್ಣ ತಮ್ಮ ನಮಗೆ ಹೇಳದೆ ಮೂರು ವರ್ಷವೂ ಒಟ್ಟಿಗೆ ಓಡಾಡಿಕೊಂಡೇ ಇದ್ದರು ಎಂಬುದು ಆವತ್ತು ಗೊತ್ತಾಯಿತು. ಬೈಕು ನುಜ್ಜುಗುಜ್ಜಾಗಿತ್ತು. ಇವರಿಬ್ಬರು ರಸ್ತೆ ಪಕ್ಕ ಹಾಕಿದ್ದ ಮರಳಿನ ಗುಡ್ಡೆಗೆ ಬಿದ್ದಿದ್ದರು. ಒಬ್ಬರಿಗೆ ಮೊಣಕೈ ತರಚಿತ್ತು, ಇನ್ನೊಬ್ಬನ ಒಂದು ಚಪ್ಪಲಿ ಸಿಗಲಿಲ್ಲ. ಅಷ್ಟೇ. ಯಾರದೋ ಮನೆ ಕಟ್ಟಲು ತಂದ ಮರಳು ಅಲ್ಲಿ ಬಿದ್ದಿತ್ತಲ್ಲ, ಅದನ್ನು ನಾನು ಇವತ್ತಿಗೂ ದಿನಾ ನೆನೆದು ಕೈ ಮುಗಿಯುತ್ತೇನೆ.

ಆಸ್ಪತ್ರೆಯ ಮೆಟ್ಟಿಲಲ್ಲಿ ವಾರಗಿತ್ತಿ ನನ್ನ ಕೈ ಹಿಡಿದಳು. ನಾನೂ ಬಿಡಿಸಿಕೊಳ್ಳಲಿಲ್ಲ. ಕಾರ್ತಿಕ ಸೋಮವಾರ ಹರಿಹರದಲ್ಲಿ ಲಕ್ಷ ಬತ್ತಿ ಹಚ್ಚುತ್ತೇವೆ, ಎರಡು ಮನೆಯವರೂ ಕೈಯಾರೆ ಹೊಸೆಯುತ್ತೇವೆ, ಇಬ್ಬರೂ ಒಟ್ಟಿಗೆ ನಿಂತು ಹಚ್ಚುತ್ತೇವೆ ಎಂದು ಹರಕೆ ಹೊತ್ತೆವು. ಒಬ್ಬಳೇ ಹಚ್ಚಿದರೆ ಆ ಹರಕೆ ಹರಕೆಯಲ್ಲ.

ಲೆಕ್ಕ ಹಾಕಿಕೊಟ್ಟವರು ನಮ್ಮ ಮನೆಯವರು. ಅವರು ಕರೂರು ಕೈಗಾರಿಕಾ ಪ್ರದೇಶದ ಒಂದು ಹತ್ತಿ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಂಡಿದ್ದವರು. ನಿವೃತ್ತರಾದ ಮೇಲೂ ಅಂಕಿ ಕಂಡರೆ ಬಿಡುವುದಿಲ್ಲ. ಬಸ್ಸಿನ ನಂಬರನ್ನೂ ಒಡೆದು ನೋಡುತ್ತಾರೆ. ಬತ್ತಿಯನ್ನು ನೂರೆಂಟರ ಕಟ್ಟು ಕಟ್ಟಬೇಕು ಎಂದು ನಾನು ಹೇಳಿದ್ದಕ್ಕೆ ಕ್ಯಾಲೆಂಡರಿನ ಹಾಳೆ ತಿರುವಿ ಹಿಂಬದಿಯಲ್ಲಿ ಗೀಚತೊಡಗಿದರು.

"ಲಕ್ಷ ಅನ್ನೋದು ನೂರೆಂಟಕ್ಕೆ ಸರಿ ಹೋಗಲ್ಲ ಕಣೇ. ಒಂಬೈನೂರ ಇಪ್ಪತ್ತೈದು ಕಟ್ಟು ಮಾಡಿದ್ರೆ ನೂರು ಕಮ್ಮಿ. ಇನ್ನೊಂದು ಕಟ್ಟು ಸೇರ್ಸಿದ್ರೆ ಲಕ್ಷದ ಮೇಲೆ ಎಂಟು."

"ಎಂಟು ಜಾಸ್ತಿನೇ ಇರ್ಲಿ. ದೇವ್ರಿಗೆ ಕಮ್ಮಿ ಮಾಡ್ಬಾರ್ದು."

ಹೀಗೆ ಒಂದು ಲಕ್ಷದ ಎಂಟು ಎಂದಾಯಿತು. ಅವರಿಗೆ ಆ ಸಂಖ್ಯೆ ಬಹಳ ಹಿಡಿಸಿತು. ಸಮಸಂಖ್ಯೆ, ಅಂಕಿಗಳನ್ನು ಕೂಡಿದರೆ ಒಂಬತ್ತು, ಹಾಗಾಗಿ ಒಂಬತ್ತರಿಂದ ಭಾಗವಾಗುತ್ತದೆ, ಎಂಟರಿಂದಲೂ ಆಗುತ್ತದೆ ಎಂದು ಹೇಳುತ್ತಲೇ ಹೋದರು. ಒಂದು ಸಂಖ್ಯೆಯನ್ನು ಸರಿಯಾಗಿ ಭಾಗಿಸುವ ಸಣ್ಣ ಸಂಖ್ಯೆಗಳನ್ನೆಲ್ಲ ಕೂಡಿದಾಗ ಆ ಸಂಖ್ಯೆಗಿಂತ ಹೆಚ್ಚು ಬಂದರೆ ಅದು ಸಮೃದ್ಧ ಸಂಖ್ಯೆಯಂತೆ. ಇದಕ್ಕೆ ಒಂದು ಲಕ್ಷದ ಎಪ್ಪತ್ತೆಂಟು ಸಾವಿರಕ್ಕೂ ಮೇಲೆ ಬರುತ್ತದಂತೆ.

"ಮನುಷ್ಯರಿಗೆ ಮಾಡಿದ್ದು ಸಾಲ್ದು ಅಂತ ಅಂಕಿಗೂ ಜಾತಿ ಹಚ್ಚಿದ್ರಾ?" ಎಂದೆ.

"ಜಾತಿ ಅಲ್ಲ ಮಾರಾಯ್ತಿ, ಗುಣ."

ನನಗೆ ಬೇಕಿದ್ದುದು ಬೇರೆ. ಈ ಕೆಲಸದಲ್ಲಿ ಮಗಳ ಮನೆಯನ್ನೂ ಸೇರಿಸಿ ಮೂರು ಪಾಲು ಮಾಡಿದರೆ ವಾರಗಿತ್ತಿಯ ಮೇಲೆ ಅಷ್ಟೊಂದು ನಂಬಿಕೆ ಇಡಬೇಕಾಗಿರಲಿಲ್ಲ. ಆದರೆ ಒಂಬೈನೂರ ಇಪ್ಪತ್ತಾರು ಕಟ್ಟು ಮೂರು ಮನೆಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಎರಡಕ್ಕೆ ಮಾತ್ರ ಆಗುತ್ತದೆ, ಮನೆಗೆ ನಾನೂರ ಅರವತ್ತಮೂರು. ಅದರ ಮುಂದಕ್ಕೆ ಅದನ್ನು ಯಾರೂ ಭಾಗ ಮಾಡಲಾರರು. ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು ಎಲ್ಲದರಿಂದಲೂ ಭಾಗಿಸಿ ನೋಡಿ, "ಅವಿಭಾಜ್ಯ ಸಂಖ್ಯೆ" ಎಂದು ಪೆನ್ನು ಮುಚ್ಚಿದರು. ಯಾರಿಗೂ ಪಾಲು ಕೊಡದ ಆ ಸಂಖ್ಯೆಯ ಮೇಲೆ ನನಗೆ ಆವತ್ತೇ ಒಂದು ಗುಮಾನಿ ಕೂತಿತು.

ಯುಗಾದಿ ಮುಗಿದ ಮೇಲೆ ಶುರುಮಾಡಿದೆ. ದಿನಕ್ಕೆ ಎರಡು, ಕೈ ಓಡಿದರೆ ಮೂರು ಕಟ್ಟು. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ದೇವರ ಮುಂದೆ ಮಣೆ ಹಾಕಿಕೊಂಡು, ಅರಳೆಯನ್ನು ಎಳೆದು, ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು ಹೊಸೆಯುತ್ತಿದ್ದೆ. ಒಂದು ಬತ್ತಿಗೆ ರುದ್ರಾಕ್ಷಿ ಸರದ ಒಂದು ಮಣಿ ಸರಿಸಿ ಒಂದು ಸಲ ಶಿವಶಿವಾ ಎನ್ನುವುದು. ಸರ ಮುಗಿದರೆ ಒಂದು ಕಟ್ಟು, ಹಳದಿ ದಾರ.

ವಾರಗಿತ್ತಿ ಎಣಿಸುತ್ತಿದ್ದುದು ಹುಣಸೆಬೀಜದಲ್ಲಿ. ನೂರೆಂಟು ಬೀಜ ಒಂದು ಡಬ್ಬಿಯಲ್ಲಿ, ಬತ್ತಿಗೊಂದರಂತೆ ಇನ್ನೊಂದು ಡಬ್ಬಿಗೆ. ಟಿವಿ ಮುಂದೆ ಕೂತೇ ಹೊಸೆಯುತ್ತಾಳೆ ಎಂಬುದು ನನಗೆ ಫೋನಿನಲ್ಲೇ ಗೊತ್ತಾಗುತ್ತಿತ್ತು. ಅವಳ ಮಾತಿನ ಹಿಂದೆ ಧಾರಾವಾಹಿಯ ಅತ್ತೆಯೊಬ್ಬಳು ಸದಾ ಕಿರುಚುತ್ತಿದ್ದಳು. ನನಗಿಂತ ಒಂದೂವರೆ ತಿಂಗಳು ಮೊದಲೇ ಮುಗಿಸಿದ್ದಾಳೆ ಎಂದಾಗ ನನಗೆ ಖುಷಿಯಾಗಲಿಲ್ಲ. ಹೆಂಗೆ ಮುಗೀತು ಎಂದು ಅನುಮಾನವಾಯಿತು. ಅಂಗಡಿಯಲ್ಲಿ ಮಾರುವ ಮಷೀನಿನ ಬತ್ತಿ ತಂದು ಸೇರಿಸಿದಳೋ ಏನೋ. ಅವಳ ಕೆಂಪು ದಾರದ ಕಟ್ಟುಗಳನ್ನು ನೋಡಿದಾಗ ಬತ್ತಿ ಕೈಯಲ್ಲಿ ಹೊಸೆದದ್ದೇ ಆಗಿತ್ತು. ಆದರೂ ಅನುಮಾನ ಹೋಗಲಿಲ್ಲ, ಬೇರೆ ಮೂಲೆಗೆ ಸರಿದು ಕೂತಿತು.

ಕಟ್ಟುಗಳನ್ನು ನಾವು ಒಪ್ಪಿಸಿದ್ದ ಭಜನಾ ಮಂಡಳಿಯವರ ಪದ್ಧತಿಯೆಂದರೆ ಕಟ್ಟಿದವರು ಒಬ್ಬರಾದರೆ ಬಿಚ್ಚಿ ಎಣಿಸುವವರು ಇನ್ನೊಬ್ಬರು. ತುಪ್ಪದಲ್ಲಿ ನೆನೆಸುವ ಮುಂಚೆ ಎಲ್ಲ ಕಟ್ಟುಗಳನ್ನೂ ಬಿಚ್ಚಿ ಒಟ್ಟು ಮಾಡಿ ನೂರು ನೂರರಂತೆ ಎಣಿಸುತ್ತಾರೆ. ಹೀಗಾಗಿ ಹಳದಿ ಯಾವುದು ಕೆಂಪು ಯಾವುದು ಎಂದು ಹೇಳುವಂತಿರಲಿಲ್ಲ. ಕಮ್ಮಿ ಬಿದ್ದದ್ದು ಯಾರ ಮನೆಯದು ಎಂದು ಕೇಳಿದರೆ ಹಿರಿಯಮ್ಮ, "ಅದನ್ನ ಹೆಂಗೆ ಹೇಳಾಕಾಗುತ್ತೆ ಅಮ್ಮಾರೆ, ಎಲ್ಲಾ ಕಲೆತು ಹೋಗೈತೆ" ಎಂದು ಫೋನಿಟ್ಟರು.

ನಾನು ರವೆಯನ್ನು ಹಾಗೇ ಬಿಟ್ಟು ವಾರಗಿತ್ತಿಗೆ ಫೋನು ಮಾಡಿದೆ. ಮೊದಲು ಗಂಡನನ್ನು ಕೇಳಬಹುದಿತ್ತು. ಒಂದು ಲೋಟ ನೀರು ಕುಡಿದು ಮಾಡಬಹುದಿತ್ತು.

"ನಿನ್ನ ಕಟ್ಟು ನೀನು ಸರಿಯಾಗಿ ಎಣಿಸಿದ್ಯೇನವ್ವಾ?" ಎಂದೆ.

"ಯಾಕಕ್ಕಾ ಹಂಗೆ ಕೇಳ್ತೀರಿ? ಬೀಜ ಇಟ್ಕೊಂಡು ಎಣಿಸೀನಿ."

"ಬೀಜ ಎಣಿಸ್ತೋ, ಟಿವಿ ಎಣಿಸ್ತೋ."

ಆ ಕಡೆ ಟಿವಿ ಬಂದ್ ಮಾಡಿದ ಸದ್ದು ಬಂತು. ಆಮೇಲೆ, "ಅಕ್ಕಾ, ಮೂರು ವರ್ಷ ಮಾತಾಡ್ದೆ ಇದ್ದಾಗ್ಲೂ ನೀವು ನನಗೆ ಸುಳ್ಳಿ ಅಂದಿರ್ಲಿಲ್ಲ. ಇವತ್ತು ಅಂದ್ರಿ. ಸೋಮವಾರ ನಾನು ಬರಲ್ಲ. ನೀವೊಬ್ರೇ ಹಚ್ಕೊಳ್ರಿ" ಎಂದಳು.

ನಮ್ಮ ಮನೆಯವರು ವರಾಂಡದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯಲಿಲ್ಲ. ಬೈದಿದ್ದರೆ ತಮ್ಮನ ಕಡೆ ವಾಲುತ್ತಾರೆ ಎಂದು ಅವರ ಮೇಲೂ ಅನುಮಾನ ಪಡಲು ನಾನು ಸಿದ್ಧವಾಗಿದ್ದೆ. ಅವರು ಸಂಖ್ಯೆ ಎಷ್ಟು ಎಂದಷ್ಟೇ ಕೇಳಿ ಕ್ಯಾಲೆಂಡರು ಇಳಿಸಿಕೊಂಡರು.

"ಎಲ್ಲಾ ಕಟ್ಟೂ ನೂರೆಂಟಿದ್ರೆ ಈ ಸಂಖ್ಯೆ ಬರಾಕೆ ಸಾಧ್ಯನೇ ಇಲ್ಲ. ನೂರೆಂಟು ಸಮಸಂಖ್ಯೆ. ಇದು ಬೆಸ. ಅಂಕಿ ಕೂಡಿದ್ರೆ ಮೂವತ್ತೆರಡು, ಒಂಬತ್ತಕ್ಕೂ ಹೋಗಲ್ಲ. ಲಕ್ಷದ ಎಂಟು ಸಮೃದ್ಧ ಸಂಖ್ಯೆ ಅಂದಿದ್ನಲ್ಲ, ಇದು ತದ್ವಿರುದ್ಧ. ಇದರ ಭಾಗಗಳನ್ನೆಲ್ಲಾ ಕೂಡಿದ್ರೂ ಇಪ್ಪತ್ಮೂರು ಸಾವಿರ ಮುಟ್ಟಲ್ಲ. ಇಂಥದಕ್ಕೆ ನ್ಯೂನ ಸಂಖ್ಯೆ ಅಂತಾರೆ."

"ನ್ಯೂನ ಆಗೈತೆ ಅಂತ ನನಗೂ ಗೊತ್ತಾತು. ಯಾರಿಂದ ಅಂತ ಹೇಳ್ರಿ."

ಅವರು ಒಂದು ಲಕ್ಷದ ಎಂಟರಲ್ಲಿ ಅದನ್ನು ಕಳೆದರು. ಪೆನ್ನು ನಿಂತಿತು. ನಾನೂರ ಅರವತ್ತಮೂರು.

"ನೋಡೇ ಇಲ್ಲಿ. ಅಲ್ಲೊಂದು ಇಲ್ಲೊಂದು ಬಿದ್ದುಹೋಗಿದ್ರೆ ನಾನೂರೋ ಐನೂರೋ ಎಷ್ಟೋ ಆಗ್ತಿತ್ತು. ಇದು ಕರೆಕ್ಟಾಗಿ ಒಂದು ಮನೆ ಕಟ್ಟಿನಷ್ಟೇ ಐತೆ. ಈ ಸಂಖ್ಯೆ ಬೇರೆ ಯಾವುದಕ್ಕೂ ಒಡೆಯಲ್ಲ. ಕಟ್ಟಿಗೆ ಇಷ್ಟು ಅಂತ ಒಂದೇ ಸಮ ಕಮ್ಮಿ ಆಗಿದ್ರೆ ಎರಡೇ ದಾರಿ. ಒಂದೇ ಕಟ್ಟಲ್ಲಿ ನಾನೂರ ಅರವತ್ಮೂರು ಕಮ್ಮಿ, ಕಟ್ಟಲ್ಲಿರೋದೇ ನೂರೆಂಟು, ಅದಾಗಲ್ಲ. ಇಲ್ಲಾಂದ್ರೆ ನಾನೂರ ಅರವತ್ಮೂರು ಕಟ್ಟಲ್ಲಿ ಒಂದೊಂದು ಕಮ್ಮಿ."

ಮತ್ತೆ ಒಂದು ಭಾಗಾಕಾರ ಮಾಡಿದರು. ತೊಂಬತ್ತೊಂಬತ್ತು ಸಾವಿರದ ಐನೂರ ನಲವತ್ತೈದನ್ನು ನಾನೂರ ಅರವತ್ತಮೂರರಿಂದ ಭಾಗಿಸಿದರೆ ಇನ್ನೂರ ಹದಿನೈದು, ಶೇಷವಿಲ್ಲ. "ಒಂದು ಮನೇದು ನೂರೆಂಟು, ಒಂದು ಮನೇದು ನೂರೇಳು. ಕೂಡಿಸು, ಇನ್ನೂರ ಹದಿನೈದು" ಎಂದರು.

"ಹಂಗಾದ್ರೆ ಬೇಕಂತಲೇ ಪ್ರತಿ ಕಟ್ಟಲ್ಲೂ ಒಂದು ಬಿಟ್ಟಾಳೆ!"

"ಯಾರ ಮನೆ ಅಂತ ಸಂಖ್ಯೆ ಹೇಳಲ್ಲ ಕಣೇ. ಅದನ್ನ ನೀನು ಹೇಳ್ತಿದ್ದೀಯ."

ಆ ಮಾತು ನನಗೆ ಕೇಳಿಸಿತು, ಒಳಗೆ ಇಳಿಯಲಿಲ್ಲ. ನಾನು ಮಣಿ ಸರಿಸಿ ಶಿವನ ಹೆಸರು ಹೇಳಿ ಎಣಿಸಿದವಳು. ತಪ್ಪು ನನ್ನದಾಗುವುದು ಹೇಗೆ? ಸೀರೆ ಬದಲಿಸಿ, ರುದ್ರಾಕ್ಷಿ ಸರ, ಒಂದು ಉಂಡೆ ಅರಳೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಹರಿಹರದ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟು ಪಡೆದೆ, ಕಿಟಕಿ ಪಕ್ಕವೇ ಸೀಟೂ ಸಿಕ್ಕಿತು. ಬೇರೆ ದಿನವಾಗಿದ್ದರೆ ಅದಕ್ಕೂ ಒಂದು ಸಲ ಕೈ ಮುಗಿಯುತ್ತಿದ್ದೆ. ಆವತ್ತು ದಾರಿಯುದ್ದಕ್ಕೂ ಅವಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸುತ್ತಾ ಹೋದೆ.

ಮಂಡಳಿಯ ಹಾಲಿನಲ್ಲಿ ಹನ್ನೆರಡು ಜನ ಹೆಂಗಸರು ಬತ್ತಿಯ ರಾಶಿಯ ಸುತ್ತ ಕೂತಿದ್ದರು. ಎದುರಿಗೆ ದೇವರ ಪಟ, ಎಣ್ಣೆ ದೀಪ. ವಾರಗಿತ್ತಿಯನ್ನೂ ಹಿರಿಯಮ್ಮ ಕರೆಸಿದ್ದರು. ಅವಳು ನನ್ನನ್ನು ನೋಡಿ ಕಣ್ಣು ತಿರುಗಿಸಿದಳು. ನಾನು ಕೂರುವ ಮುಂಚೆಯೇ ಗಂಡ ಮಾಡಿಕೊಟ್ಟ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಕಟ್ಟಿಗೆ ಒಂದೊಂದು, ಒಂದೇ ಮನೆಯದು.

"ಮರೆವಿಂದ ಆಗಿದ್ರೆ ಒಂದು ಕಟ್ಟಲ್ಲಿ ಆಗ್ತಿತ್ತು, ಎರಡರಲ್ಲಿ ಆಗ್ತಿತ್ತು. ಎಲ್ಲಾದ್ರಲ್ಲೂ ಒಂದೇ ಸಮ ಆಗೈತೆ ಅಂದ್ರೆ ಗೊತ್ತಿದ್ದೇ ಮಾಡಿದ್ದು" ಎಂದೆ.

ವಾರಗಿತ್ತಿ ಚೀಲದಿಂದ ಹುಣಸೆಬೀಜದ ಡಬ್ಬಿ ತೆಗೆದು ಹಿರಿಯಮ್ಮನ ಮುಂದೆ ಸುರಿದಳು. "ಎಣಿಸ್ರಿ" ಎಂದಳು. ಅವರು ಹತ್ತು ಹತ್ತು ಗುಡ್ಡೆ ಮಾಡಿ ಎಣಿಸಿದರು. ನೂರೆಂಟು. ನಾನು ಬಿಡಲಿಲ್ಲ, ಇನ್ನೊಮ್ಮೆ ಎಣಿಸಿ ಎಂದೆ. ಮತ್ತೆ ನೂರೆಂಟು.

"ಇದು ಇವತ್ತು ತುಂಬ್ಕೊಂಡು ಬಂದಿದ್ದಿರಬಹುದು" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಕಿವಿ ಬಿಸಿಯಾಯಿತು.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಆತು ಅಕ್ಕಾ. ನನ್ನದು ಬಿಡ್ರಿ. ನೀವು ಮನೇಲಿ ಹೆಂಗೆ ಕಟ್ತಿದ್ರಿ ಹಂಗೇ ಇಲ್ಲಿ ಒಂದು ಕಟ್ಟು ಕಟ್ರಿ. ನಾವೂ ಕಣ್ಣು ತುಂಬಾ ನೋಡ್ತೀವಿ" ಎಂದಳು.

ನನಗೇನು ಹೆದರಿಕೆ? ಸರ ಕೊಟ್ಟೆ, ಹಿರಿಯಮ್ಮ ಮಣಿ ಎಣಿಸಿದರು, ನೂರೆಂಟು. ಮಣೆ ತರಿಸಿಕೊಂಡು ಕೂತು, ದೀಪಕ್ಕೆ ಕೈ ಮುಗಿದು, ಅರಳೆ ಎಳೆದು ಮೊದಲ ಬತ್ತಿ ಹೊಸೆದೆ. ಒಂದು ಮಣಿ ಸರಿಸಿದೆ. ಎರಡನೆಯದು, ಮೂರನೆಯದು. ಹೆಂಗಸರು ಮದುವೆಗೆ ಬಂದವರ ಹಾಗೆ ಸುತ್ತ ಕೂತು ನೋಡುತ್ತಿದ್ದರು. ಅರ್ಧ ತಾಸು ಹಿಡಿಯಿತು. ಸರ ಮುಗಿಯಿತು, ಕಟ್ಟಿದೆ, ಹಿರಿಯಮ್ಮನ ಕೈಗೆ ಕೊಟ್ಟೆ.

ಅವರು ಬಿಚ್ಚಿ ಎಣಿಸಿದರು. ಮುಖ ನೋಡದೆಯೇ ಹೇಳಿದರು. "ನೂರೇಳು."

"ಸಾಧ್ಯನೇ ಇಲ್ಲ. ಇನ್ನೊಂದ್ಸಲ ಎಣಿಸ್ರಿ."

"ಎಣಿಸೋದು ಬ್ಯಾಡ ಅಕ್ಕಾ" ಎಂದಳು ವಾರಗಿತ್ತಿ. "ಒಂದು ಅಲ್ಲೈತೆ ನೋಡ್ರಿ."

ದೀಪದ ತಟ್ಟೆಯಲ್ಲಿ ಹೊಸ ಬತ್ತಿ ಒಂದು ಬಿದ್ದಿತ್ತು. ನಾನೇ ಇಟ್ಟದ್ದು. ಯಾವಾಗ ಇಟ್ಟೆ ಎಂಬುದು ನನಗೆ ತಿಳಿದಿರಲಿಲ್ಲ, ಅಲ್ಲಿದ್ದ ಹದಿಮೂರು ಜನಕ್ಕೂ ತಿಳಿದಿತ್ತು.

ನಮ್ಮ ಮನೆಯಲ್ಲಿ ಏನೇ ಮಾಡಲಿ ಮೊದಲನೆಯದು ನಮ್ಮದಲ್ಲ. ಮೊದಲ ರೊಟ್ಟಿ ಹಸುವಿಗೆ, ಹಾಲು ಕಾಸಿದರೆ ಮೊದಲ ಚಮಚ ದೇವರಿಗೆ, ಮಲ್ಲಿಗೆ ಬಳ್ಳಿಯ ಮೊದಲ ಹೂವು ದೇವರ ಪಟಕ್ಕೆ. ಅತ್ತೆ ಕಲಿಸಿದ್ದು. ಮೂವತ್ತು ವರ್ಷವಾದ ಮೇಲೆ ಅದು ಕಲಿತದ್ದು ಎಂದೂ ಅನ್ನಿಸುವುದಿಲ್ಲ, ರೆಪ್ಪೆ ಬಡಿದ ಹಾಗೆ. ಪ್ರತಿ ಕಟ್ಟಿನ ಮೊದಲ ಬತ್ತಿಗೂ ಮಣಿ ಸರಿಸಿದ್ದೇನೆ, ಶಿವನ ಹೆಸರು ಹೇಳಿದ್ದೇನೆ, ಎತ್ತಿ ಮನೆಯ ದೇವರ ದೀಪದ ತಟ್ಟೆಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಒಂದು, ಸಂಜೆ ಒಂದು ಹಚ್ಚಿದ್ದೇನೆ. ಇಷ್ಟು ತಿಂಗಳು ಅಂಗಡಿಯಿಂದ ಒಂದು ಬತ್ತಿ ಪೊಟ್ಟಣವನ್ನೂ ತಂದಿರಲಿಲ್ಲ ಎಂಬುದು ಆಗ ಹೊಳೆಯಿತು. ಬತ್ತಿ ಎಲ್ಲಿಂದ ಬರುತ್ತಿದೆ ಎಂದು ಒಂದು ದಿನವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಊರಿನವರ ಮೇಲೆಲ್ಲ ಅನುಮಾನ ಪಟ್ಟವಳಿಗೆ ಅದೊಂದು ಅನುಮಾನ ಬರಲಿಲ್ಲ.

"ಕಳ್ಳಿ ಸಿಕ್ಕಳು ತಗೋ" ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಹಿರಿಯಮ್ಮ ಮಾತ್ರ, "ದೇವ್ರ ಮುಂದೆ ಉರಿದಾವಲ್ಲ, ಅವೂ ಲೆಕ್ಕಕ್ಕೇ ಬಂದ್ವು ಬಿಡ್ರಿ" ಎಂದು ನನ್ನನ್ನು ಕಾಪಾಡಲು ನೋಡಿದರು.

ವಾರಗಿತ್ತಿ ನಗಲಿಲ್ಲ. "ಬತ್ತಿ ಲೆಕ್ಕಕ್ಕೆ ಬರ್ಲಿ ದೊಡ್ಡಮ್ಮಾರೆ. ನನಗೆ ಅಂದ ಮಾತು ಎಲ್ಲಿಗೆ ಹೋಗ್ಬೇಕು?"

ನಾನು ಎದ್ದು ನಿಂತೆ. ಕೂತುಕೊಂಡು ಹೇಳುವ ಮಾತಾಗಿರಲಿಲ್ಲ ಅದು. "ಸುಳ್ಳಿ ನೀನಲ್ಲ. ನಿನ್ನ ಕಟ್ಟು ಎಲ್ಲಾ ಸರಿ ಇದ್ವು. ತಪ್ಪು ನಂದು. ಫೋನಲ್ಲಿ ಅಂದಿದ್ದೂ ತಪ್ಪು, ಇಲ್ಲಿ ಬಂದು ಇವರೆಲ್ಲರ ಮುಂದೆ ಅಂದಿದ್ದೂ ತಪ್ಪು. ಬೀಜದ ಮಾತಂತೂ ಇನ್ನೂ ದೊಡ್ಡ ತಪ್ಪು" ಎಂದೆ. ಅಷ್ಟು ಹೇಳಲು ಲಕ್ಷ ಬತ್ತಿ ಹೊಸೆದಷ್ಟು ಹೊತ್ತು ಹಿಡಿದಂತಾಯಿತು.

ಅವಳು ನನ್ನ ಅರಳೆಯ ಉಂಡೆ ಎತ್ತಿಕೊಂಡು ಹರಿದು ಹರಿದು ಎಲ್ಲರ ಮುಂದೂ ಇಟ್ಟಳು. ಉರಿದವು ಉರಿದವು, ಸೋಮವಾರಕ್ಕೆ ಅಂದಷ್ಟು ಕೊಟ್ಟೇ ತೀರಬೇಕು ಎಂದು ಅವಳ ಮನಸ್ಸಿನಲ್ಲಿತ್ತು, ನನ್ನದರಲ್ಲೂ ಅದೇ ಇತ್ತು. ಆವತ್ತು ನಾವಿಬ್ಬರೂ ಮಾತಿಲ್ಲದೆ ಒಪ್ಪಿದ್ದು ಅದೊಂದನ್ನೇ. ನಾನು ಪರೀಕ್ಷೆಗೆ ಹೊಸೆದದ್ದನ್ನು ಹಿರಿಯಮ್ಮ ಮಂಡಳಿಯ ದೀಪಕ್ಕೆಂದು ಬದಿಗಿಟ್ಟರು. ಮಂಡಳಿಯವರು ಹನ್ನೆರಡು, ನಾವಿಬ್ಬರು, ಒಟ್ಟು ಹದಿನಾಲ್ಕು ಜನ. ತಲೆಗೆ ಮೂವತ್ತಮೂರು ಹೊಸೆದರೆ ನಾನೂರ ಅರವತ್ತೆರಡು. ಒಂದು ಉಳಿಯಿತು. ಆ ಸಂಖ್ಯೆ ಅಲ್ಲಿಯೂ ಯಾರಿಗೂ ಸರಿಯಾಗಿ ಪಾಲು ಕೊಡಲಿಲ್ಲ.

ವಾರಗಿತ್ತಿ ಕೊನೆಯ ಚೂರು ಅರಳೆಯನ್ನು ನನ್ನ ಅಂಗೈಯಲ್ಲಿಟ್ಟಳು. "ಇದನ್ನ ನೀವೇ ಹೊಸೀರಿ ಅಕ್ಕಾ. ಎತ್ತಿ ಇಡಬ್ಯಾಡ್ರಿ ಮತ್ತೆ."

ಆಗ ಅವಳೂ ಚೂರು ನಕ್ಕಳು.

ಸೋಮವಾರ ಬಂದಳು. ಇಬ್ಬರೂ ಒಂದೇ ಕಡ್ಡಿ ಹಿಡಿದು ಹಚ್ಚಿದೆವು. ಅಣ್ಣ ತಮ್ಮ ಹಿಂದೆ ನಿಂತು, ಯಾರ ಕಡೆಗೂ ಅಲ್ಲದವರ ಹಾಗೆ ಕೈ ಮುಗಿದುಕೊಂಡಿದ್ದರು. ಹರಕೆ ತೀರಿತು. ಆದರೆ ಎಲ್ಲವೂ ತೀರಿತು ಎಂದರೆ ಸುಳ್ಳಾಗುತ್ತದೆ. ಈಗ ನಾನು ಹರಿಹರಕ್ಕೆ ಹೋಳಿಗೆ ಒಯ್ಯಲಿ, ಕರ್ಜಿಕಾಯಿ ಒಯ್ಯಲಿ, ಅವಳು ಡಬ್ಬಿ ಮುಚ್ಚಳ ತೆಗೆದು ನನ್ನ ಎದುರೇ ಎಣಿಸುತ್ತಾಳೆ. ತಮಾಷೆಗೆ ಎನ್ನುತ್ತಾಳೆ. ಅರ್ಧ ತಮಾಷೆ ಎಂದು ನನಗೆ ಗೊತ್ತು. ಎಣಿಸಲಿ. ಬಾಗಿಲು ತೆಗೆದು ಒಳಗೆ ಕರೆದು ಎಣಿಸುತ್ತಾಳಲ್ಲ, ಅಷ್ಟು ಸಾಕು.

ಹಚ್ಚಿದ ಮಾರನೆಯ ದಿನ ನಾನು ಇದನ್ನೆಲ್ಲ ನಮ್ಮ ಮನೆಯವರಿಗೆ ಇನ್ನೊಮ್ಮೆ ಹೇಳುತ್ತಾ ವರಾಂಡದಲ್ಲಿ ಕೂತಿದ್ದೆ. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಂಗಳದ ನಲ್ಲಿ ಗೊರಗೊರ ಸದ್ದು ಮಾಡಿತು. ಐದು ದಿನದ ಮೇಲೆ ನೀರು ಬಿಟ್ಟಿದ್ದರು. ಮತ್ತೆ ಯಾವಾಗ ನಿಲ್ಲಿಸುತ್ತಾರೋ ನಂಬುವಂತಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು, ಪೈಪನ್ನು ಡ್ರಮ್ಮಿಗೆ ಹಾಕಿ, ಮೊದಲು ಬಂದ ಕೆಸರು ನೀರನ್ನು ಗಿಡಕ್ಕೆ ಬಿಟ್ಟೆ.